ಪುಟ್ಟ ಮಕ್ಕಳ ಶಿಕ್ಷಕಿಯರ ವೃತ್ತಿ ಕಲಿಕೆ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು ಬರುತ್ತವೆ. "ಮೇಡಂ, ಜೂನ್‌ಗೆ ಸ್ಕೂಲ್ ಶುರು. ಅಷ್ಟರಲ್ಲಿ ಒಂದು ಕೋರ್ಸ್ ಮುಗಿಸ್ಬೇಕು, ಯಾವುದು ಸೇರಲಿ?" ನಾನು ಹದಿನಾರು ವರ್ಷ ಬೆಂಗಳೂರಿನ ಪ್ರೀಸ್ಕೂಲುಗಳಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತವಳು. ಈಗ ಕೆಲವು ವರ್ಷಗಳಿಂದ ಶಿಕ್ಷಕಿಯರ ಜೊತೆ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ಕೂರುತ್ತಿದ್ದೇನೆ. ಅವರು ಮತ್ತೆ ಮತ್ತೆ ಕೇಳುವುದನ್ನೂ ನಾನು ಹೇಳುವ ಉತ್ತರವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವಕ್ಕೆ ಪುಟವೇ ಬೇಕು.

ಮನೆಯಲ್ಲಿ ಎರಡು ಮಕ್ಕಳನ್ನು ಬೆಳೆಸಿದ್ದೇನೆ. ಇನ್ನೇನು ತರಬೇತಿ ಬೇಕು?

ಆ ಅನುಭವ ನಿಮ್ಮ ಕೈ ಬಿಡುವುದಿಲ್ಲ. ಅಳುವ ಮಗುವನ್ನು ಎತ್ತಿಕೊಳ್ಳಲು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ. ಆದರೆ ಮನೆಯ ಮಗುವನ್ನು ನೀವು ಹುಟ್ಟಿದ ದಿನದಿಂದ ಬಲ್ಲಿರಿ, ಅದರ ಅಳು ಹಸಿವಿನದೋ ಹಟದ್ದೋ ಎಂದು ಅಡುಗೆಮನೆಯಿಂದಲೇ ಹೇಳಬಲ್ಲಿರಿ. ತರಗತಿಯಲ್ಲಿ ಪರಿಚಯವೇ ಇಲ್ಲದ ಇಪ್ಪತ್ತು ಮಕ್ಕಳಿರುತ್ತಾರೆ. ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಎಂಬುದು 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯ ಜೊತೆ ಬಂದ ಗುಣಮಟ್ಟದ ಅಳತೆ. ನಮ್ಮ ಎಷ್ಟೋ ಕಡೆ ಅದಕ್ಕಿಂತ ಹೆಚ್ಚು ಮಕ್ಕಳು ಒಬ್ಬರ ಪಾಲಿಗೆ ಬರುತ್ತಾರೆ.

ಅವರಲ್ಲಿ ಎರಡೂವರೆ ವರ್ಷದ ಒಂದು ಮಗು ಪಕ್ಕದ ಮಗುವನ್ನು ಕಚ್ಚಿತು ಎನ್ನಿ. ಆ ವಯಸ್ಸಿನ ಮಗುವಿಗೆ ಬೇಕಾದ್ದನ್ನು ಹೇಳಲು ಇನ್ನೂ ಮಾತು ಸಾಲದು, ಅದಕ್ಕೇ ಹಲ್ಲು ಮುಂದೆ ಬರುತ್ತದೆ. ಇದು ಗೊತ್ತಿರುವ ಶಿಕ್ಷಕಿ ಮೊದಲು ಕಚ್ಚಿಸಿಕೊಂಡ ಮಗುವನ್ನು ಸಮಾಧಾನ ಮಾಡುತ್ತಾಳೆ, ಆಮೇಲೆ ಕಚ್ಚಿದ ಮಗುವಿಗೆ "ನಂಗೆ ಕೊಡು" ಎಂಬ ಮಾತನ್ನು ಕಲಿಸುತ್ತಾಳೆ. ಗೊತ್ತಿಲ್ಲದವಳು ಅದನ್ನು ಮೂಲೆಯಲ್ಲಿ ಕೂರಿಸುತ್ತಾಳೆ, ನಾಳೆ ಅದು ಮತ್ತೆ ಕಚ್ಚುತ್ತದೆ. ಮಿದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇ 85ಕ್ಕೂ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ವರ್ಷಗಳು ನಮ್ಮ ಕೈಯಲ್ಲಿರುತ್ತವೆ, ಅಂದಾಜಿನ ಮೇಲೆ ನಡೆಸುವ ಕೆಲಸವಲ್ಲ ಇದು.

ಎನ್‌ಟಿಟಿ, ಮಾಂಟೆಸ್ಸರಿ, ಡಿಪ್ಲೊಮಾ – ಯಾವುದು ಸೇರಬೇಕು?

ನೀವು ಎಲ್ಲಿ ಕೆಲಸ ಮಾಡಬೇಕೆಂದಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಶಿಕ್ಷಕರ ತರಬೇತಿಗೆ ದೇಶಮಟ್ಟದಲ್ಲಿ ಮಾನ್ಯತೆ ಕೊಡುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಅದರ 2014ರ ನಿಯಮಗಳಲ್ಲಿ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ, ಅಂದರೆ ಡಿಪಿಎಸ್‌ಇ, ಎರಡು ವರ್ಷದ್ದು. ಪಿಯುಸಿ ಆದ ಮೇಲೆ ಸೇರಬಹುದು. ಬೀದಿಬೀದಿಯಲ್ಲಿ ಎನ್‌ಟಿಟಿ (ನರ್ಸರಿ ಶಿಕ್ಷಕರ ತರಬೇತಿ) ಎಂಬ ಬೋರ್ಡ್ ಕಾಣುತ್ತದಲ್ಲ, ಖಾಸಗಿಯವರು ನಡೆಸುವ ಆ ಆರು ತಿಂಗಳ, ಒಂದು ವರ್ಷದ ಕೋರ್ಸುಗಳಲ್ಲಿ ಬಹುಪಾಲಿಗೆ ಈ ಮಾನ್ಯತೆ ಇರುವುದಿಲ್ಲ. ಖಾಸಗಿ ಪ್ರೀಸ್ಕೂಲಿನಲ್ಲಿ ಅವುಗಳ ಮೇಲೆ ಕೆಲಸ ಸಿಗಬಹುದು, ಸಿಗುತ್ತಲೂ ಇದೆ. ಸರ್ಕಾರಿ ನೇಮಕಾತಿಗೆ ಅದೇ ಪತ್ರ ಹಿಡಿದು ಹೋದಾಗ ತಡೆ ಬೀಳುತ್ತದೆ. ದುಡ್ಡು ಕಟ್ಟುವ ಮುಂಚೆ ಮಾನ್ಯತೆಯ ಆದೇಶದ ಪ್ರತಿ ತೋರಿಸಿ ಎಂದು ಕೇಳಿ. ಇದರಲ್ಲಿ ಸಂಕೋಚ ಬೇಡ.

ಮನೆ, ಕೆಲಸ ಬಿಟ್ಟು ಹೋಗಲಾಗದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಡಿಇಸಿಇ, ಅಂದರೆ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ. ಪಿಯುಸಿ ಆಗಿದ್ದರೆ ದೂರಶಿಕ್ಷಣದಲ್ಲಿ ಮಾಡಬಹುದು, ಬೆಂಗಳೂರಿನಲ್ಲಿ ಇಗ್ನೋದ ಪ್ರಾದೇಶಿಕ ಕೇಂದ್ರವೂ ಇದೆ. ಮಕ್ಕಳ ಆರೋಗ್ಯ, ಆಹಾರ, ವಿಶೇಷ ಅಗತ್ಯದ ಮಕ್ಕಳ ಸೇವೆ, ಶಿಶುಕೇಂದ್ರ ನಡೆಸುವುದು ಎಲ್ಲವೂ ಅದರ ಪಾಠಗಳಲ್ಲಿವೆ, ಕೊನೆಗೊಂದು ಪ್ರಾಜೆಕ್ಟ್ ಕೂಡ. ಪದವಿ ಆದವರು ಸರ್ಜಾಪುರದ ಕಡೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿರುವವರಿಗೆ ಏನಿದೆ ಎಂದು ಆಯಾ ವರ್ಷ ವಿಚಾರಿಸಿ ನೋಡಬಹುದು.

ಕೋರ್ಸ್ ಯಾವುದೇ ಇರಲಿ, ನಾನು ಕೇಳಿಸುವ ಪ್ರಶ್ನೆ ಒಂದೇ: ಇದರಲ್ಲಿ ನಾನು ನಿಜವಾದ ಮಕ್ಕಳ ಜೊತೆ ಎಷ್ಟು ದಿನ ಇರುತ್ತೇನೆ, ಆ ದಿನಗಳಲ್ಲಿ ನನ್ನನ್ನು ನೋಡಿ ತಿದ್ದುವವರು ಯಾರು? ವರ್ಷಗಳ ಹಿಂದೆ ನಾನೇ ಒಂದು ಸಂಸ್ಥೆಗೆ ಸಾಲ ಮಾಡಿ ಶುಲ್ಕ ಕಟ್ಟಿದ್ದೆ. ಹತ್ತು ತಿಂಗಳು ನೋಟ್ಸ್ ಬರೆಸಿದರು, ಬಣ್ಣದ ಕಾಗದದಲ್ಲಿ ಚಾರ್ಟ್ ಮಾಡಿಸಿದರು. ಒಂದೇ ಒಂದು ಮಗುವಿನ ಎದುರು ನನ್ನನ್ನು ನಿಲ್ಲಿಸಲಿಲ್ಲ. ಕೈಗೆ ಚಿನ್ನದ ಅಂಚಿನ ಪ್ರಮಾಣಪತ್ರ ಬಂತು. ಮೊದಲ ದಿನ ತರಗತಿಯಲ್ಲಿ ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡು ನಿಂತಾಗ ನನಗೆ ಕೈಕಾಲು ಆಡಲಿಲ್ಲ. ಆಯಮ್ಮ ಬಂದು, ಬೇರೆ ಮಕ್ಕಳಿಗೆ ಗೊತ್ತೇ ಆಗದ ಹಾಗೆ ಅದನ್ನು ಕರೆದುಕೊಂಡು ಹೋದರು. ಆ ವರ್ಷ ನನಗೆ ಕಲಿಸಿದ್ದು ಅವರು.

ಮಾಂಟೆಸ್ಸರಿ ಎಂದು ಬರೆದ ಕಡೆಯೆಲ್ಲ ಅದೇ ಪದ್ಧತಿ ಇರುತ್ತದಾ?

ಇರುವುದಿಲ್ಲ. ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು.

ಬೆಂಗಳೂರಿಗೆ ಈ ಪದ್ಧತಿ ಹತ್ತಿರದ್ದು, ಅದಕ್ಕೊಂದು ಇತಿಹಾಸವಿದೆ. ಇದನ್ನು ಹುಟ್ಟುಹಾಕಿದ ಮರಿಯಾ ಮಾಂಟೆಸ್ಸರಿ ರೋಮ್‌ನ ಸಾನ್ ಲೊರೆಂಜೊದಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು 1907ರ ಜನವರಿ 6ರಂದು. ಕೂಲಿಕಾರರ ಮಕ್ಕಳಿಗಾಗಿ ತೆರೆದ ಮನೆ ಅದು. ಈಗ ಅದೇ ಹೆಸರಿನಲ್ಲಿ ಲಕ್ಷಗಟ್ಟಲೆ ಶುಲ್ಕ ಕೇಳುವುದನ್ನು ನೋಡಿದಾಗೆಲ್ಲ ನನಗೆ ಆ ಮೊದಲ ಮಕ್ಕಳು ನೆನಪಾಗುತ್ತಾರೆ. 1939ರಲ್ಲಿ ಆಕೆ ಮದ್ರಾಸಿನ ಅಡ್ಯಾರಿಗೆ ಬಂದರು. ಯುದ್ಧದಿಂದಾಗಿ ಇಲ್ಲೇ ಉಳಿಯಬೇಕಾಯಿತು, ಕೊಡೈಕೆನಾಲ್‌ನಲ್ಲೂ ಇದ್ದು ಮಕ್ಕಳನ್ನು ಗಮನಿಸಿದರು, ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆ ಪರಂಪರೆಯ ತರಬೇತಿ ನಡೆಸುವ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಇರುವುದು ನಮ್ಮ ಬೆಂಗಳೂರಿನಲ್ಲೇ. ಆಕೆಯೇ 1929ರಲ್ಲಿ ಸ್ಥಾಪಿಸಿದ ಎಎಂಐ (ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘ) ತಾನು ಒಪ್ಪಿದ ತರಬೇತಿ ಕೇಂದ್ರಗಳನ್ನು ಪಟ್ಟಿ ಮಾಡಿಟ್ಟಿದೆ.

ಶಾಲೆಗೆ ಹೋದಾಗ ನೋಡಿ: ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಇದ್ದಾರಾ? ಮಗು ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳುತ್ತಿದೆಯಾ? ನೀರು ಸುರಿಯುವುದು, ಬಟ್ಟೆ ಮಡಚುವುದು, ಗುಂಡಿ ಹಾಕುವುದು ನಡೆದಿದೆಯಾ? ಗುಲಾಬಿ ಗೋಪುರವನ್ನು, ಅಂದರೆ ಮಕ್ಕಳು ಒಂದರ ಮೇಲೊಂದು ಜೋಡಿಸುವ ಮರದ ಘನಗಳನ್ನು, ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಅಲ್ಲಿ ಕಲಿಯಲು ನಿಮಗೆ ಹೆಚ್ಚೇನೂ ಸಿಗುವುದಿಲ್ಲ.

ನಾನು ಅಂಗನವಾಡಿ ಕಾರ್ಯಕರ್ತೆ. ನನಗೆ ಏನೇನು ತರಬೇತಿ ಇದೆ? ಅದೂ ವೃತ್ತಿ ಕಲಿಕೆಯೇ ತಾನೇ?

ಅದೂ ವೃತ್ತಿ ಕಲಿಕೆಯೇ, ಸಂಶಯವೇ ಬೇಡ. ಈ ರಾಜ್ಯದಲ್ಲಿ ಪುಟ್ಟ ಮಕ್ಕಳ ಶಿಕ್ಷಣದ ದೊಡ್ಡ ಭಾರ ಹೊತ್ತವರು ನೀವೇ. ಅಂಗನವಾಡಿಗಳು ಬಂದದ್ದು ಐಸಿಡಿಎಸ್ ಎಂಬ ಕೇಂದ್ರದ ಯೋಜನೆಯಿಂದ, ಅದು ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ, ನೂರು ಅಂಗನವಾಡಿಗಳೊಂದಿಗೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಆಸ್ಪತ್ರೆಗೆ ಕಳಿಸುವುದು, ಇವುಗಳ ನಡುವೆ ಶಾಲಾಪೂರ್ವ ಶಿಕ್ಷಣ ಆರು ಸೇವೆಗಳಲ್ಲಿ ಒಂದು. ಎಷ್ಟೋ ವರ್ಷ ಎಲ್ಲಕ್ಕಿಂತ ಹಿಂದೆ ಬಿದ್ದದ್ದೂ ಅದೇ.

ಈಗ ಅದು ಬದಲಾಗುತ್ತಿದೆ. ಕೇಂದ್ರ ಸರ್ಕಾರ 2023ರ ಮೇ 10ರಂದು ಶುರುಮಾಡಿದ ಪೋಷಣ್ ಭೀ ಪಢಾಯಿ ಭೀ ಕಾರ್ಯಕ್ರಮದಲ್ಲಿ ಕಾರ್ಯಕರ್ತೆಯರಿಗೆ ಮೂರು ದಿನಗಳ ತರಬೇತಿ ಇದೆ, ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಚಟುವಟಿಕೆ ನಡೆಯಬೇಕು ಎಂಬ ಗುರಿಯೂ ಇದೆ. ಮರುವರ್ಷ ಎರಡು ಚೌಕಟ್ಟುಗಳು ಬಂದವು: ಮೂರು ವರ್ಷದೊಳಗಿನ ಮಕ್ಕಳಿಗೆ ನವಚೇತನ, ಮೂರರಿಂದ ಆರಕ್ಕೆ ಆಧಾರಶಿಲಾ. ಆಧಾರಶಿಲಾದಲ್ಲಿ 48 ವಾರಗಳ ಆಟದ ಯೋಜನೆ ಇದೆ. ನಮ್ಮ ರಾಜ್ಯದ ಅಂಗನವಾಡಿ ಪಠ್ಯ ಚಿಲಿಪಿಲಿಯ ಮೇಲೆ ಕೆಲಸ ಮಾಡಿದವರಿಗೆ ಅದರಲ್ಲಿ ತುಂಬ ಭಾಗ ಪರಿಚಿತವೇ ಅನಿಸುತ್ತದೆ. ಹಳೆಯ ಚಿಲಿಪಿಲಿ ಪುಸ್ತಕ ಎಸೆಯಬೇಡಿ, ಪಕ್ಕದಲ್ಲಿಟ್ಟುಕೊಂಡು ಹೊಂದಿಸಿ ನೋಡಿ.

ಶಿಕ್ಷಣ ನೀತಿ ಇನ್ನೊಂದು ಮಾತು ಹೇಳಿದೆ. ಪಿಯುಸಿ ಮತ್ತು ಅದಕ್ಕೂ ಹೆಚ್ಚು ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಎರಡನ್ನೂ ಕೆಲಸದಲ್ಲಿದ್ದುಕೊಂಡೇ ಮಾಡುವಂತಿರಬೇಕು ಎಂದು. ನಿಮ್ಮ ಸರದಿ ಯಾವಾಗ ಎಂದು ವೃತ್ತದ ಮೇಲ್ವಿಚಾರಕಿಯನ್ನೂ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯನ್ನೂ ಕೇಳುತ್ತಿರಿ. ಮಹಿಳೆ, ಮಕ್ಕಳ ಕ್ಷೇತ್ರದಲ್ಲಿ ತರಬೇತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ನಿಪ್‌ಸಿಡ್‌ನ (2025ರಲ್ಲಿ ಅದಕ್ಕೆ ಸಾವಿತ್ರಿಬಾಯಿ ಫುಲೆ ಹೆಸರಿಟ್ಟರು) ಪ್ರಾದೇಶಿಕ ಕೇಂದ್ರ ಯಲಹಂಕದಲ್ಲಿದೆ. ದಕ್ಷಿಣದ ರಾಜ್ಯಗಳ ಎಷ್ಟೋ ತರಬೇತುದಾರರು ಅಲ್ಲಿ ಕಲಿತು ಬಂದವರು.

2024ರಲ್ಲಿ ಬೆಂಗಳೂರಿನ ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರಿನಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದಾಗ ಒಬ್ಬ ಕಾರ್ಯಕರ್ತೆ ನನ್ನ ಕೈ ಹಿಡಿದುಕೊಂಡು, "ಇಷ್ಟು ವರ್ಷ ನಮ್ಮನ್ನ ಉಪ್ಪಿಟ್ಟು ಮಾಡೋರು ಅಂತಿದ್ರು ಅಕ್ಕ, ಈಗ ಟೀಚರ್ ಅಂತಾರೆ" ಎಂದರು. ಹೆಸರು ಬದಲಾಯಿತು, ಸಂತೋಷ. ಆದರೆ ಸಮೀಕ್ಷೆ, ಚುನಾವಣೆ ಕೆಲಸ, ಪೋಷಣ್ ಟ್ರ್ಯಾಕರ್‌ನಲ್ಲಿ ಫೋಟೊ ಏರಿಸುವುದು ಹಾಗೇ ಉಳಿದರೆ ಆ ಎರಡು ಗಂಟೆ ಎಲ್ಲಿಂದ ಬರಬೇಕು? ತರಬೇತಿ ಕೊಡುವವರು ಮೊದಲು ಆ ಸಮಯವನ್ನು ಉಳಿಸಿಕೊಡಬೇಕು. ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ.

ಎಷ್ಟೋ ಕಾರ್ಯಾಗಾರಕ್ಕೆ ಹೋಗಿ ಬಂದೆ. ಎರಡು ವಾರದಲ್ಲಿ ಎಲ್ಲ ಮರೆತು ಮತ್ತೆ ಹಳೇ ದಾರಿ. ತಪ್ಪು ನನ್ನದಾ?

ನಿಮ್ಮದಲ್ಲ. ಈಜುವುದನ್ನು ಸಭಾಂಗಣದಲ್ಲಿ ಕೂತು ಕಲಿಯಲಾಗುವುದಿಲ್ಲ.

ಒಂದು ದಿನದ ಕಾರ್ಯಾಗಾರದಲ್ಲಿ ಏನಾಗುತ್ತದೆ ನೋಡಿ. ಬೆಳಿಗ್ಗೆ ನೋಂದಣಿ, ತಿಂಡಿ, ಎರಡು ಗಂಟೆ ಪರದೆಯ ಮೇಲೆ ಸ್ಲೈಡ್, ಊಟ, ಒಂದು ಗುಂಪು ಚಟುವಟಿಕೆ, ಪ್ರಮಾಣಪತ್ರ, ಫೋಟೊ. ಹೇಳಿದ್ದೆಲ್ಲ ನಿಜವೇ ಇರಬಹುದು. ಆದರೆ ಸೋಮವಾರ ನಿಮ್ಮ ತರಗತಿಯಲ್ಲಿ ಇಪ್ಪತ್ತೆಂಟು ಮಕ್ಕಳು, ಕಿಟಕಿಯಾಚೆ ರಸ್ತೆ ಅಗೆಯುವ ಸದ್ದು, ಒಳಗೆ ಒಂದೇ ಚಾಪೆ. ಹೊಸದನ್ನು ಅಲ್ಲಿ ಹೊಂದಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ಮೊದಲ ಸಲ ಎಡವಿದಾಗ ಕೇಳೋಣ ಎಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ನಾನು ನೋಡಿದ ಬದಲಾವಣೆಗಳೆಲ್ಲ ಒಂದೇ ರೀತಿ ಬಂದಿವೆ. ತರಬೇತಿಯಾದ ಎರಡು ಮೂರು ವಾರಕ್ಕೆ ಯಾರಾದರೂ ತರಗತಿಗೆ ಬಂದು ಒಂದು ಗಂಟೆ ಸುಮ್ಮನೆ ಕೂರುತ್ತಾರೆ. ತಪಾಸಣೆಯ ಪಟ್ಟಿ ಹಿಡಿದು ಬರುವುದಿಲ್ಲ. ಮಕ್ಕಳು ಮನೆಗೆ ಹೋದ ಮೇಲೆ ಶಿಕ್ಷಕಿಯ ಜೊತೆ ಟೀ ಕುಡಿಯುತ್ತಾ, "ಆ ನೀಲಿ ಅಂಗಿಯ ಮಗು ಕತೆ ಹೇಳುವಾಗ ಎದ್ದು ಹೋಯಿತಲ್ಲ, ಯಾಕಿರಬಹುದು?" ಎಂದು ಕೇಳುತ್ತಾರೆ. ಶಿಕ್ಷಕಿ ಯೋಚಿಸುತ್ತಾಳೆ, ನಾಳೆ ಒಂದು ಸಣ್ಣ ಬದಲಾವಣೆ ಮಾಡಿ ನೋಡುತ್ತಾಳೆ. ಹೀಗೆ ವರ್ಷಕ್ಕೆ ಎಂಟು ಹತ್ತು ಸಲ ಆದರೆ ಮೂರು ದೊಡ್ಡ ಕಾರ್ಯಾಗಾರಗಳಿಗಿಂತ ಅದು ಹೆಚ್ಚು ಕಲಿಸುತ್ತದೆ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯ ಪುಟ್ಟ ತರಗತಿಗಳ ಚಟುವಟಿಕೆಯ ಕಲಿಕೆ, ಹುಟ್ಟಿದ್ದೂ ಶಿಕ್ಷಕರೇ ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ, ಕಣ್ಣಾರೆ ನೋಡಿ, ಬಂದು ಕೂತು ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಬರೆದದ್ದರಿಂದ. ಅವರ ಕೈಗೆ ಯಾರೋ ಸಿದ್ಧ ಕೈಪಿಡಿ ಕೊಟ್ಟಿದ್ದರೆ ಅದು ಅಷ್ಟು ದೂರ ಬರುತ್ತಿತ್ತು ಎಂದು ನನಗನಿಸುವುದಿಲ್ಲ.

"ಮಕ್ಕಳನ್ನು ಗಮನಿಸಿ ಬರೆಯಿರಿ" ಅನ್ನುತ್ತಾರೆ. ಏನು ಬರೆಯಬೇಕು?

ಕಂಡದ್ದು, ಕೇಳಿದ್ದು. ನಿಮ್ಮ ತೀರ್ಪು ಬೇಡ. "ಈ ಮಗು ಚುರುಕಿಲ್ಲ" ಎಂದು ಬರೆದರೆ ನಾಳೆ ಅದನ್ನು ಇಟ್ಟುಕೊಂಡು ಏನೂ ಮಾಡಲಾಗುವುದಿಲ್ಲ.

ನನ್ನ ಹಳೆಯ ಪುಸ್ತಕದ ಒಂದು ಪುಟ ಹೀಗಿದೆ: "ಬೆಳಿಗ್ಗೆ 10.20. ಕೈ ತೊಳೆಯಲು ಹೋದವನು ಆರು ನಿಮಿಷ ನಲ್ಲಿಯ ಹತ್ತಿರವೇ ಇದ್ದ. ದೊಡ್ಡ ಲೋಟದ ನೀರನ್ನು ಸಣ್ಣ ಲೋಟಕ್ಕೆ ಸುರಿದ. ಚೆಲ್ಲಿತು. ನೆಲ ನೋಡಿದ. ಮತ್ತೆ ಸುರಿದ, ಈ ಸಲ ಅರ್ಧಕ್ಕೆ ನಿಲ್ಲಿಸಿದ. 'ಸಾಕು' ಅಂತ ತನಗೇ ಹೇಳಿಕೊಂಡ." ಅಲ್ಲಿಯವರೆಗೆ ನಾನು ಆ ಮಗುವನ್ನು ದಿನಾ ನಲ್ಲಿಯಿಂದ ಎಳೆದು ತರುತ್ತಿದ್ದೆ, ಸಮಯ ಹಾಳು ಮಾಡುತ್ತಾನೆ ಎಂದು ಅವನ ತಾಯಿಗೆ ದೂರನ್ನೂ ಹೇಳಿದ್ದೆ. ಬರೆದ ಮೇಲೆ ಗೊತ್ತಾಯಿತು, ಹೆಚ್ಚು ಕಡಿಮೆ ಎಂಬ ಗಣಿತವನ್ನು ಅವನು ನಾನು ಕಲಿಸುವ ಮುಂಚೆಯೇ ಕಲಿಯುತ್ತಿದ್ದ. ಮರುದಿನ ಎರಡು ಬಕೆಟ್, ನಾಲ್ಕು ಅಳತೆಯ ಲೋಟ, ಒಂದು ಒರೆಸುವ ಬಟ್ಟೆ ಹೊರಗಿಟ್ಟೆ. ಆರು ಮಕ್ಕಳು ಬಂದು ಕೂತರು. ತಾಯಿಯ ಹತ್ತಿರ ಕ್ಷಮೆಯನ್ನೂ ಕೇಳಿದೆ.

ದಿನಕ್ಕೆ ಇಬ್ಬರು ಮಕ್ಕಳು, ಒಬ್ಬೊಬ್ಬರಿಗೆ ನಾಲ್ಕು ಸಾಲು. ಹದಿನೈದು ದಿನದಲ್ಲಿ ಇಡೀ ತರಗತಿ ಒಂದು ಸುತ್ತು ಬರುತ್ತದೆ. ಯಾವ ಮಗುವಿನ ಬಗ್ಗೆ ಬರೆಯಲು ಏನೂ ಹೊಳೆಯುವುದಿಲ್ಲವೋ ಆ ಮಗುವನ್ನು ನೀವು ನೋಡುತ್ತಲೇ ಇಲ್ಲ ಎಂದರ್ಥ. ಸಾಮಾನ್ಯವಾಗಿ ಅದು ತಂಟೆ ಮಾಡದ, ಮಾತಾಡದ ಮಗು.

ಪೋಷಕರು ಮೂರು ವರ್ಷಕ್ಕೇ ಬರೆಸಿ ಅನ್ನುತ್ತಾರೆ. ತರಬೇತಿಯಲ್ಲಿ ಬರೆಸಬೇಡಿ ಅನ್ನುತ್ತಾರೆ. ಮಧ್ಯೆ ನಾನೇನು ಮಾಡಲಿ?

ಬೆಂಗಳೂರಿನಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಪೋಷಕರ ಮೇಲೆ ಸಿಟ್ಟಾಗಬೇಡಿ. ವಿಜಯದಶಮಿಯಂದು ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸಿದ ಮನೆ ಅದು, ಓದಲಿ ಎಂಬ ಆಸೆ ಇದ್ದೇ ಇರುತ್ತದೆ. ಒಂದನೇ ತರಗತಿಗೆ ಸೇರಿಸುವಾಗ ಏನಾದರೂ ಕೇಳಿಬಿಟ್ಟರೆ ಎಂಬ ಭಯವೂ ಇದೆ.

ಕಾರಣವನ್ನು ಅವರಿಗೆ ಕೈಯ ಮೇಲೇ ತೋರಿಸಿ. ಹುಟ್ಟಿದ ಮಗುವಿನ ಮಣಿಕಟ್ಟಿನಲ್ಲಿ ಗಟ್ಟಿ ಮೂಳೆಯ ಬದಲು ಬಹುಪಾಲು ಮೃದ್ವಸ್ಥಿ ಇರುತ್ತದೆ, ಆ ಪುಟ್ಟ ಮೂಳೆಗಳು ಒಂದೊಂದಾಗಿ ಗಟ್ಟಿಯಾಗಲು ವರ್ಷಗಳು ಬೇಕು. ಮೂರು ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಭುಜದಿಂದ ಗೀಚುತ್ತದೆ. ನಮ್ಮ ಕನ್ನಡದ ಅಕ್ಷರಗಳು ದುಂಡಗೆ, ಸುತ್ತಿ ಸುತ್ತಿ ಬರುವಂಥವು. ಅವಕ್ಕೆ ಮಣಿಕಟ್ಟು ತಿರುಗಬೇಕು. ಹಾಗಾಗಿ ಮೊದಲ ಎರಡು ವರ್ಷ ಬರವಣಿಗೆಯ ಪಾಠ ಬೇರೆ ವೇಷದಲ್ಲಿ ಬರುತ್ತದೆ: ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಮಣಿ ಪೋಣಿಸುವುದು, ಅವರೆಕಾಯಿ ಸುಲಿಯುವುದು, ತಟ್ಟೆಯಲ್ಲಿ ಹರಡಿದ ರಾಗಿಹಿಟ್ಟಿನ ಮೇಲೆ ಬೆರಳಾಡಿಸುವುದು, ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ದೊಡ್ಡ ಸುತ್ತು ಎಳೆಯುವುದು. ಡಿಸೆಂಬರ್‌ನಲ್ಲಿ ಅವರೆಕಾಯಿ ಬುಟ್ಟಿ ತಂದು ಪೋಷಕರನ್ನೂ ಮಕ್ಕಳ ಜೊತೆ ಕೂರಿಸಿ. ಹಿತಕವರೆ ಮಾಡುವ ಬೆರಳಿಗೆ ಯಾವ ಬಲ ಬೇಕೋ ಅದೇ ಬಲ ಪೆನ್ಸಿಲಿಗೂ ಬೇಕು ಎಂದಾಗ ಅಜ್ಜಿಯರಿಗೆ ತಕ್ಷಣ ಅರ್ಥವಾಗುತ್ತದೆ.

ಅಕ್ಷರ ಶುರುಮಾಡುವಾಗಲೂ ಅ ಆ ಇ ಈ ಎಂದೇ ಹೋಗಬೇಕಿಲ್ಲ. ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುವುದು ಬರೆಯಲು ಸುಲಭ ಎಂಬ ಕಾರಣಕ್ಕೆ, ಐದೇ ಅಕ್ಷರದಲ್ಲಿ ಅರ, ಸರ, ದರ, ಅಗಸ ಎಂದು ಪದಗಳು ಸಿಗುತ್ತವೆ ಎಂಬ ಕಾರಣಕ್ಕೆ. ಪ್ರಿಸ್ಕೂಲಿನ ಶಿಕ್ಷಕಿಗೆ ಇದು ಗೊತ್ತಿದ್ದರೆ ಒಂದನೇ ತರಗತಿಯ ಶಿಕ್ಷಕಿಯ ಕೆಲಸ ಹಗುರವಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷವನ್ನು ಒಂದೇ ಹಂತವಾಗಿ ಹಿಡಿದಿದೆ. ಹತ್ತಿರದ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಅರ್ಧ ದಿನ ಕೂರಲು ಮುಖ್ಯೋಪಾಧ್ಯಾಯರ ಅನುಮತಿ ಕೇಳಿ.

ನನ್ನ ತರಗತಿಯಲ್ಲಿ ಐದು ಭಾಷೆಯ ಮಕ್ಕಳಿದ್ದಾರೆ. ಇದಕ್ಕೆ ಯಾವ ಕೋರ್ಸ್‌ನಲ್ಲೂ ಉತ್ತರ ಸಿಗಲಿಲ್ಲ.

ಬೇರೆ ಊರಿನವರಿಗೆ ಬರೆದ ಕೈಪಿಡಿಗಳಲ್ಲಿ ಸಿಗುವುದೂ ಕಷ್ಟ. ವರ್ತೂರಿನ ಕಡೆ ಒಂದು ಕೇಂದ್ರದಲ್ಲಿ ನಾನು ನೋಡಿದ ತರಗತಿಯಲ್ಲಿ ಕನ್ನಡ, ತೆಲುಗು, ಬಂಗಾಳಿ, ಒಡಿಯಾ, ಹಿಂದಿ ಇತ್ತು. ಶಿವಾಜಿನಗರಕ್ಕೆ ಹೋದರೆ ಉರ್ದು, ತಮಿಳು. ಮಗುವಿಗೆ ಅರ್ಥವಾಗುವ ಮನೆಮಾತಿನಲ್ಲಿ ಕಲಿಕೆ ಶುರುವಾಗಲಿ ಎಂದು ಶಿಕ್ಷಣ ನೀತಿ ಹೇಳುತ್ತದೆ. ಒಬ್ಬ ಶಿಕ್ಷಕಿಗೆ ಐದು ಮನೆಮಾತು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಪ್ರತಿ ಭಾಷೆಯಲ್ಲಿ ಹತ್ತು ಮಾತು ಕಲಿಯಿರಿ: ನೀರು, ಹಸಿವು, ಉಚ್ಚೆ, ನೋವು, ಅಮ್ಮ ಬರ್ತಾಳೆ, ಬಾ, ಕೂತ್ಕೋ, ಸಾಕು, ಭಯವಾ, ಚೆನ್ನಾಗಿದೆ. ಜೂನ್ ಮೊದಲ ವಾರ ತಾಯಂದಿರ ಬಾಯಿಂದಲೇ ಕೇಳಿ, ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ. "ಅಮ್ಮ ಬರ್ತಾಳೆ" ಎಂಬುದನ್ನು ಅದರ ಭಾಷೆಯಲ್ಲಿ ಕೇಳಿದ ಮಗುವಿನ ಅಳು ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕತೆ ಕನ್ನಡದಲ್ಲೇ ಹೇಳಿ, ಆದರೆ ಗೊಂಬೆ ಹಿಡಿದು, ಮುಖಭಾವದಿಂದ, ಅದೇ ಕತೆಯನ್ನು ಐದು ದಿನ. ತಿಂಗಳಿಗೊಮ್ಮೆ ಒಬ್ಬ ತಾಯಿಯೋ ಅಜ್ಜಿಯೋ ಬಂದು ಅವರ ಮಾತಿನ ಲಾಲಿ ಹಾಡಲಿ. ಕೇಳಿಸಿಕೊಳ್ಳುವ ಕನ್ನಡದ ಮಕ್ಕಳಿಗೂ ಕಿವಿ ತೆರೆಯುತ್ತದೆ. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ತಿಂಗಳು ಮಾತೇ ಆಡದಿರಬಹುದು. ಆ ಮೌನದಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ. "ಮಾತಾಡು" ಎಂದು ಎಲ್ಲರೆದುರು ಎಬ್ಬಿಸಿ ನಿಲ್ಲಿಸಬೇಡಿ.

ಮಾತು ತಡವಾಗಿದೆ, ಕರೆದರೆ ತಿರುಗಲ್ಲ. ನಾನು ಹೇಳಬಹುದಾ, ಡಾಕ್ಟರೇ ಹೇಳಬೇಕಾ?

ಕಾಯಿಲೆಯ ಹೆಸರು ನೀವು ಹೇಳಬಾರದು. ಕಂಡದ್ದನ್ನು ಹೇಳಲೇಬೇಕು. "ನಿಮ್ಮ ಮಗುವಿಗೆ ಆಟಿಸಂ ಇರಬೇಕು" ಎಂಬ ಒಂದು ಮಾತು ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಸಿದೆ, ಮಗುವನ್ನು ಶಾಲೆ ಬಿಡಿಸಿದೆ. ಬದಲಿಗೆ, "ಮೂರು ವಾರದಿಂದ ನೋಡ್ತಿದ್ದೀನಿ ಅಮ್ಮ, ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಲ್ಲ, ಎರಡು ಪದ ಸೇರಿಸಿ ಮಾತಾಡಿದ್ದು ಕೇಳಿಲ್ಲ, ಮನೆಯಲ್ಲಿ ಹೇಗೆ?" ಎಂದು ಕೇಳಿ. ಎರಡು ವರ್ಷಕ್ಕೆ ಎರಡು ಪದ ಜೋಡಿಸುವುದನ್ನು ಸಾಮಾನ್ಯವಾಗಿ ನಿರೀಕ್ಷಿಸುತ್ತಾರೆ. ಮೊದಲು ಕಿವಿ ಪರೀಕ್ಷೆಯಾಗಲಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡುತ್ತಾರೆ, ಆ ದಿನ ನಿಮ್ಮ ಪುಸ್ತಕ ತೆಗೆದುಕೊಂಡು ಪಕ್ಕದಲ್ಲೇ ನಿಲ್ಲಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ, ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ವಿಶೇಷ ಅಗತ್ಯದ ಮಕ್ಕಳಿಗಾಗಿ 1982ರಿಂದ ಕೆಲಸ ಮಾಡುತ್ತಿದೆ. ಶಿಕ್ಷಕಿಯಾಗಿ ಇಂಥ ಕಡೆ ಒಂದು ದಿನ ನೋಡಲು ಅವಕಾಶ ಕೇಳಿ. ಚಿತ್ರಗಳ ಮೂಲಕ ದಿನಚರಿ ತೋರಿಸುವುದು, ಮಗುವಿನ ಎತ್ತರಕ್ಕೆ ಬಾಗಿ ಮಾತಾಡುವುದು, ಒಂದು ಸಲಕ್ಕೆ ಒಂದೇ ಸೂಚನೆ, ಇವೆಲ್ಲ ವಿಶೇಷ ಅಗತ್ಯದ ಮಕ್ಕಳಿಗಾಗಿ ಕಲಿತರೂ ಇಡೀ ತರಗತಿಗೆ ಉಪಯೋಗ.

ಆನ್‌ಲೈನ್ ಕೋರ್ಸ್ ಸಾಕಾ?

ತಿಳಿವಳಿಕೆಗೆ ಸಾಕು, ಕೈಗೆ ಸಾಲದು. ಸರ್ಕಾರದ ದೀಕ್ಷಾ ಎಂಬ ಆನ್‌ಲೈನ್ ವೇದಿಕೆಯಲ್ಲಿ ಕನ್ನಡದಲ್ಲೇ ಸಾಕಷ್ಟು ಸಿಗುತ್ತದೆ, ದುಡ್ಡು ಕಟ್ಟಬೇಕಿಲ್ಲ. ಒಬ್ಬರೇ ನೋಡಬೇಡಿ, ಇಬ್ಬರು ಮೂವರು ಸೇರಿ ನೋಡಿ, ಮರುದಿನ ಅದರಲ್ಲಿ ಒಂದನ್ನು ಮಾಡಿ ನೋಡಿ.

ಆಯಮ್ಮ, ಸಹಾಯಕಿಯರಿಗೂ ತರಬೇತಿ ಬೇಕಾ?

ಖಂಡಿತ ಬೇಕು, ಅದೇ ತರಬೇತಿ, ಅದೇ ಕೋಣೆಯಲ್ಲಿ, ಅದೇ ಸಾಲಿನಲ್ಲಿ ಕೂತು. ಊಟ ಮಾಡಿಸುವಾಗ, ಕಕ್ಕಸಿಗೆ ಕರೆದೊಯ್ಯುವಾಗ, ಮಲಗಿಸುವಾಗ ಮಗುವಿನ ಜೊತೆ ಇರುವವರು ಅವರು. ಮಗು ಹೆಚ್ಚು ಮಾತಾಡುವುದೂ ಆಗಲೇ. ತರಗತಿಯಲ್ಲಿ ನೀವು ಮೆಲ್ಲಗೆ ಮಾತಾಡಿ, ಹೊರಗೆ ಅವರು ಗದರಿದರೆ ಮಗುವಿಗೆ ಎರಡು ಶಾಲೆ ಆಗುತ್ತದೆ. ಶಿಕ್ಷಕಿಯರು ಕಾರ್ಯಾಗಾರದಲ್ಲಿರುವಾಗ ಆಯಮ್ಮ ಲೋಟ ತೊಳೆಯುತ್ತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಕಲಿಕೋಪಕರಣಕ್ಕೆ ದುಡ್ಡಿಲ್ಲ.

ಚನ್ನಪಟ್ಟಣ ಅರವತ್ತು ಕಿಲೋಮೀಟರ್. ಹಾಲೆಮರದ, ಅರಗಿನ ಬಣ್ಣದ ಬುಗುರಿ, ಗಿಲಕಿ ಅಲ್ಲಿಂದ ತರಬಹುದು. ಅದೂ ಆಗದಿದ್ದರೆ ಅಳಗುಳಿಮಣೆ, ಬಾಟಲಿ ಮುಚ್ಚಳ, ಹಳೆಯ ಸೀರೆ, ತೆಂಗಿನ ಚಿಪ್ಪು. ಒಂದು ಎಚ್ಚರ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಹುಣಸೆಬೀಜ, ಗೋಲಿ, ಸಣ್ಣ ಮಣಿ ಕೊಡಲೇಬೇಡಿ, ಬಾಯಿಗೂ ಮೂಗಿಗೂ ಹೋಗುತ್ತವೆ.

ಮಕ್ಕಳ ಸುರಕ್ಷತೆಯ ಬಗ್ಗೆ ಶಿಕ್ಷಕಿಗೆ ಕನಿಷ್ಠ ಏನು ಗೊತ್ತಿರಬೇಕು?

2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಶಾಲೆಯ ಹೆಸರು ಕೆಡುತ್ತದೆ ಎಂದು ಯಾರು ಹೇಳಿದರೂ ಕೇಳಬೇಡಿ. ಮಕ್ಕಳ ಸಹಾಯವಾಣಿ 1098. ಮಗು ಏನಾದರೂ ಹೇಳಿದರೆ ಅದರ ಮಾತಿನಲ್ಲೇ ಬರೆದಿಡಿ, ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಪ್ರಥಮ ಚಿಕಿತ್ಸೆ, ಅದರಲ್ಲೂ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗ ಏನು ಮಾಡಬೇಕೆಂಬುದನ್ನು ಬಲ್ಲವರಿಂದ ಕೈಯಾರೆ ಕಲಿತು, ವರ್ಷಕ್ಕೊಮ್ಮೆ ಮತ್ತೆ ಮಾಡಿ ನೋಡಿ.

ನಾನು ಪ್ರೀಸ್ಕೂಲ್ ನಡೆಸುತ್ತೇನೆ. ತರಬೇತಿ ಕೊಟ್ಟ ಮೇಲೆ ಟೀಚರ್ ಬಿಟ್ಟು ಹೋಗುತ್ತಾರೆ. ಯಾಕೆ ಖರ್ಚು ಮಾಡಲಿ?

ತರಬೇತಿ ಕೊಡದೆ ಉಳಿಸಿಕೊಂಡ ಶಿಕ್ಷಕಿಯಿಂದ ಮಕ್ಕಳಿಗೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿ. ಅವರು ಬಿಟ್ಟು ಹೋಗುವುದು ಕಲಿತದ್ದರಿಂದಲ್ಲ, ಸಂಬಳದಿಂದ. ಒಳಾಂಗಣಕ್ಕೆ, ಜಾಹೀರಾತಿಗೆ, ವಾರ್ಷಿಕೋತ್ಸವದ ವೇದಿಕೆಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಸಂಬಳಕ್ಕೆ ಹೋಗಲಿ. ತರಬೇತಿಯ ದಿನವನ್ನು ಕೆಲಸದ ದಿನವೆಂದೇ ಎಣಿಸಿ, ಭಾನುವಾರ ಕರೆಯಬೇಡಿ. ವಾರಕ್ಕೆ ಒಂದು ಗಂಟೆ, ಮಕ್ಕಳು ಹೋದ ಮೇಲೆ, ಫೈಲು ಬರೆಯುವ ಕೆಲಸವಿಲ್ಲದೆ ಶಿಕ್ಷಕಿಯರು ಕೂತು ಮಕ್ಕಳ ಬಗ್ಗೆ ಮಾತಾಡಲು ಬಿಡಿ. ಆ ಒಂದು ಗಂಟೆಯಲ್ಲಿ ನೀವೂ ಕೂತುಕೊಳ್ಳಿ, ಆದರೆ ಕೊನೆಗೆ ಮಾತಾಡಿ.

ಗಂಡಸರು ಈ ಕೆಲಸಕ್ಕೆ ಬರಬಹುದಾ?

ಬರಬೇಕು. ತಂದೆ ಊರಲ್ಲಿರದ, ರಾತ್ರಿ ಪಾಳಿಯಲ್ಲಿರುವ ಎಷ್ಟೋ ಮಕ್ಕಳಿಗೆ ಮೃದುವಾಗಿ ಮಾತಾಡುವ ಗಂಡಸೊಬ್ಬ ದಿನಾ ಕಾಣುವುದು ದೊಡ್ಡ ವಿಷಯ. ಸುರಕ್ಷತೆಯ ನಿಯಮ ಹೆಂಗಸರಿಗೂ ಗಂಡಸರಿಗೂ ಒಂದೇ ಇರಲಿ.

ನಮ್ಮ ಏರಿಯಾದಲ್ಲಿ ಇಂಥ ಗುಂಪೇ ಇಲ್ಲ. ನಾವೇ ಶುರುಮಾಡಬಹುದಾ?

ನಾಲ್ಕು ಜನ ಸಾಕು. ಒಬ್ಬರು ಖಾಸಗಿ ಶಾಲೆಯವರು, ಒಬ್ಬರು ಅಂಗನವಾಡಿಯವರು ಇದ್ದರೆ ಇನ್ನೂ ಚೆನ್ನ, ಒಂದೇ ರಸ್ತೆಯಲ್ಲಿದ್ದೂ ಪರಸ್ಪರ ಮುಖ ನೋಡದವರು ನಾವು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಸರದಿಯಂತೆ ಒಬ್ಬೊಬ್ಬರ ತರಗತಿಯಲ್ಲಿ. ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿ ಬಸ್ಸಿನ ಖರ್ಚೂ ಹೆಣ್ಣುಮಕ್ಕಳಿಗಿಲ್ಲ, ಕೆಂಗೇರಿಯವರು ಯಲಹಂಕಕ್ಕೂ ಬಂದು ಹೋಗುತ್ತಾರೆ. ಭಾಷಣಕ್ಕೆ ಯಾರನ್ನೂ ಕರೆಯಬೇಡಿ. ಮೊದಲ ಅರ್ಧ ಗಂಟೆ ಆ ತರಗತಿಯನ್ನು ಮಗುವಿನ ಎತ್ತರದಲ್ಲಿ, ಅಂದರೆ ಮೊಣಕಾಲೂರಿ ಓಡಾಡಿ ನೋಡಿ. ಎಷ್ಟು ಚಿತ್ರಗಳು ಮಗುವಿನ ತಲೆಯ ಮೇಲೆ ಎಲ್ಲೋ ಅಂಟಿವೆ ಎಂದು ಆಗ ಗೊತ್ತಾಗುತ್ತದೆ.

ಆಮೇಲೆ ಒಬ್ಬೊಬ್ಬರೂ ತಮ್ಮ ಪುಸ್ತಕದಿಂದ ಒಂದು ಮಗುವಿನ ನಾಲ್ಕು ಸಾಲು ಓದಲಿ, ಮಗುವಿನ ಹೆಸರು ಹೇಳದೆ. ಉಳಿದವರು ಸಲಹೆ ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಲಿ. ಮುಂದಿನ ತಿಂಗಳು ಅದೇ ಮಗುವಿನ ನಾಲ್ಕು ಸಾಲು ಮತ್ತೆ ತನ್ನಿ. ಮೊದಲ ಸಭೆಗೆ ಒಂದು ನೋಟ್‌ಬುಕ್, ಒಂದು ಪೆನ್ನು, ಚುರುಮುರಿಗೆ ಒಂದಿಷ್ಟು ಈರುಳ್ಳಿ ಟೊಮೆಟೊ ಇದ್ದರೆ ಆಯಿತು.